ಬ್ಯೂಕಿನ ಇಂಜಿನ್ ಇಳಿಸಿದ ನಂಜುಂಡ

ನಂಜುಂಡ ಬರೋಡದ ಸೇಠರೊಬ್ಬರ ಬ್ಯೂಕ್ ಕಾರಿಗೆ ಡ್ರೈವರೂ ಹೌದು, ಮೆಕ್ಯಾನಿಕ್ಕೂ ಹೌದು. ಎರಡನೇ ಮಹಾಯುದ್ಧಕ್ಕೆ ಮುಂಚೆ ಸೇಠರು ಮೈಸೂರಿನಲ್ಲಿ ಆ ಕಾರು ಕೊಂಡಾಗ, ಅದರ ಜೊತೆಗೇ ಇವನನ್ನೂ ಕರೆತಂದಿದ್ದರು. ಕಾರಿಗೊಂದು ಶೆಡ್ಡು, ಶೆಡ್ಡಿನ ಹಿಂದೆ ಇವನಿಗೊಂದು ಕೋಣೆ. ಆ ಕೋಣೆಯಲ್ಲೇ ಕಾಮಾಕ್ಷಿಯ ಜೊತೆ ಸಂಸಾರ ಹೂಡಿದ, ಅಲ್ಲೇ ತಲೆ ನರೆಯಿತು.

ಇಸವಿ ಸಾವಿರದ ಒಂಬೈನೂರ ಅರವತ್ತೈದರಲ್ಲಿ ಸೇಠರು ತೀರಿಕೊಂಡರು. ಕರ್ಮ ಮುಗಿಯುವುದೇ ತಡ, ಮಗ ಹಸ್ಮುಖಭಾಯಿ ಬ್ಯೂಕಿನ ಇಂಜಿನ್ನು, ಗೇರ್‌ಬಾಕ್ಸು ಎರಡನ್ನೂ ಹತ್ತಿರದ ಕರ್ಜಣ ಊರಿನ ಕಡೆಯ ಪಟೇಲನೊಬ್ಬನಿಗೆ ಮಾರಿಬಿಟ್ಟ. ಬಾವಿಯ ನೀರೆತ್ತಲಿಕ್ಕಂತೆ! ಉಳಿದ ಕಾರು ಗುಜರಿಗೆ. ಶೆಡ್ಡು, ಕೋಣೆ ಎರಡೂ ಕೆಡವಿ ಗೋದಾಮು. ಗಂಡಹೆಂಡಿರು ಎಲ್ಲಿಗೆ ಹೋಗಬೇಕು ಎಂಬ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ.

"ಈ ಇಂಜಿನ್ ನನ್ನ ಕೈಗೆ ಪಳಗಿದ್ದು ಕಣೇ," ಎಂದ ನಂಜುಂಡ. "ಪಟೇಲ ನನ್ನನ್ನೂ ಕರ್ಕೊಂಡು ಹೋಗ್ಲೇಬೇಕು. ಹೊಲದಲ್ಲಿ ಒಂದು ಗುಡಿಸಲು ಕೊಡ್ದೆ ಇರ್ತಾನಾ?"

"ಕೇಳಿದ್ರಾ ಅವನನ್ನ?"

"ಕೇಳೋದೇನು? ಕೆಲಸ ನೋಡಿ ಅವನೇ ಕರೀತಾನೆ."

ಅಯ್ಯೋ ಹುಚ್ಚಪ್ಪ! ಬಾಯಿಬಿಟ್ಟು ಕೇಳಬೇಕಾದ್ದನ್ನು ಇವನು ಸ್ಪ್ಯಾನರ್ ಹಿಡಿದು ಕೇಳಲು ಹೊರಟ.

ಬಾನೆಟ್ ಕಳಚಿದ, ನೀರು ಬಸಿದ, ರೇಡಿಯೇಟರ್ ಎತ್ತಿಟ್ಟ. ಕಾರಿನಡಿ ಅಂಗಾತ ಮಲಗಿ, ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟನ್ನು ಗೇರ್‌ಬಾಕ್ಸಿನಿಂದ ಬಿಡಿಸಿದ. ಕಳಚಿದ ಬೋಲ್ಟುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಆಯಾ ತೂತಿಗೇ ಮತ್ತೆ ತಿರುಗಿಸಿಟ್ಟ. ಗುಜರಿಗೆ ಹೋಗುವ ಕಾರಿಗೆ ಯಾಕಪ್ಪಾ ಈ ಮಡಿ? ಕೊನೆಗೆ ತೊಲೆಗೆ ಚೈನ್ ಪುಲ್ಲಿ ಕಟ್ಟಿದ. ಕಾಮಾಕ್ಷಿ ಸೆರಗು ಸಿಕ್ಕಿಸಿ ಸರಪಣಿ ಎಳೆದಳು. ಮೂತಿ ಮೇಲೆತ್ತಿ, ಬಾಲ ತಗ್ಗಿಸಿಕೊಂಡು ಇಂಜಿನ್ನು ಗೇರ್‌ಬಾಕ್ಸಿನ ಸಮೇತ ಹೊರಬಂತು. ಕಾರಿನ ಬರಿದಾದ ಹೊಟ್ಟೆ ಕಂಡು ನಂಜುಂಡನಿಗೆ ಅಳು ತಡೆಯಲಾಗಲಿಲ್ಲ.

"ಕಬ್ಬಿಣಕ್ಕೆ ಅಳ್ತೀರಲ್ರೀ, ನಮಗೆ ಅಳೋರು ಯಾರು?" ಎಂದಳು ಕಾಮಾಕ್ಷಿ. ಸರಪಣಿ ಎಳೆದು ಅವಳ ಅಂಗೈ ಬೊಬ್ಬೆ ಎದ್ದಿತ್ತು.

ಇಂಜಿನ್ನನ್ನು ಮರದ ದಿಮ್ಮಿಗಳ ಮೇಲೆ ಬಿಗಿದು ಕೂರಿಸಿ, ಕಾರ್ಬುರೇಟರ್ ಬಿಚ್ಚಿ, ಪ್ಲಗ್ಗುಗಳನ್ನು ಉಜ್ಜಿ, ಅದು ಹೊಸದರಂತೆ ಉಸಿರಾಡುವವರೆಗೂ ನಂಜುಂಡ ಬಿಡಲಿಲ್ಲ. ಇಂಥ ಕೆಲಸಗಾರನನ್ನು ಯಾರು ತಾನೇ ಬಿಟ್ಟುಹೋಗುತ್ತಾರೆ ಎಂಬ ಧೈರ್ಯ ಅವನಿಗೆ.

ಪಟೇಲ ಲಾರಿ ತಂದ. ಜೊತೆಗೆ ಹೊಲದ ಆಳೂ ಬಂದಿದ್ದ. ನಂಜುಂಡ ಹ್ಯಾಂಡಲ್ ತಿರುವಿದ ಕೂಡಲೇ ಇಂಜಿನ್ ಹತ್ತಿಕೊಂಡಿತು. ನಿಲ್ಲಿಸಿ, ಆಳಿನ ಕೈಗೆ ಹ್ಯಾಂಡಲ್ ಕೊಟ್ಟ. ಜನ್ಮದಲ್ಲಿ ಇಂಜಿನ್ ಮುಟ್ಟದವನು ತಿರುವಿದ. ಅವನಿಗೂ ಒಂದೇ ಸಲಕ್ಕೆ ಹತ್ತಿತು.

"ವಾಹ್ ಮಿಸ್ತ್ರಿ!" ಪಟೇಲ ನಂಜುಂಡನ ಬೆನ್ನು ತಟ್ಟಿದ. "ಹಳೇ ಇಂಜಿನ್ನು, ದಿನಾ ಕೈ ಕೊಡುತ್ತೆ, ನಿನ್ನನ್ನೇ ಜೊತೆಗೆ ಇಟ್ಕೊಳ್ಳೋಣ ಅಂತ ಬಂದಿದ್ದೆ. ಇಷ್ಟು ಚೆನ್ನಾಗಿ ಓಡೋದಕ್ಕೆ ಮಿಸ್ತ್ರಿ ಯಾಕೆ ಬೇಕು?"

ನಂಜುಂಡ ಹೊಗಳಿಕೆಗೆ ಹಲ್ಲುಬಿಟ್ಟ. ಮಾತಿನ ಅರ್ಥ ಒಳಗಿಳಿಯುವಷ್ಟರಲ್ಲಿ ಇಂಜಿನ್ ಲಾರಿಗೇರಿತ್ತು.

"ಈಗಲಾದ್ರೂ ಬಾಯಿಬಿಡ್ರೀ," ಎಂದು ಕಾಮಾಕ್ಷಿ ಹಿಂದಿನಿಂದ ತಿವಿದಳು.

ನಂಜುಂಡ ಲಾರಿಯ ಪಕ್ಕ ನಾಲ್ಕು ಹೆಜ್ಜೆ ಓಡಿದ. ಪಟೇಲ ಕಿಟಕಿಯಿಂದ ತಲೆ ಹೊರಹಾಕಿ ಏನೆಂದು ಕೇಳಿದ.

"ಆಯಿಲ್ ಮಾತ್ರ ತಪ್ಪದೆ ಬದಲಾಯಿಸ್ತಾ ಇರಿ, ಸಾಹೇಬ್ರೇ," ಎಂದ ನಂಜುಂಡ.