ಬರುವ ರೆಕ್ಕೆ, ಹೋಗುವ ರೆಕ್ಕೆ

ದ್ವೀಪದವರು ಚಂದಾ ಎತ್ತಿ ಮತ್ತೆ ಎಬ್ಬಿಸಿ ನಿಲ್ಲಿಸಿದ ಹಳೆಯ ಗಾಳಿಗಿರಣಿಗೆ ಟ್ಯುನಿಸನೇ ಗಿರಣಿಗಾರ, ಟ್ಯುನಿಸನೇ ಪಾಳೇಗಾರ. ರೈ ಧಾನ್ಯದ ಹಿಟ್ಟನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡದೆ ಚೀಲ ಕಟ್ಟುವವನಲ್ಲ, ಅವಸರ ಮಾಡಿದವರಿಗೆ, "ಗಾಳಿ ಏನು ನಿಮ್ಮಪ್ಪನ ಮನೆ ಆಳೇನ್ರೀ?" ಎನ್ನುತ್ತಾನೆ. ಊರಲ್ಲಿ ಮಗು ಹುಟ್ಟಿದರೆ, ಎಲ್ಲರಿಗೂ ಸುದ್ದಿ ತಿಳಿಯಲೆಂದು ರೆಕ್ಕೆಯೊಂದನ್ನು ಗಿರಣಿಯ ನೆತ್ತಿಗೇರುವ ಮುನ್ನವೇ ತಡೆದು ನಿಲ್ಲಿಸುತ್ತಾನೆ, ಅದು 'ಬರುವ' ರೆಕ್ಕೆ. ಯಾರಾದರೂ ಸತ್ತರೆ ನೆತ್ತಿ ದಾಟಿಸಿ ನಿಲ್ಲಿಸುತ್ತಾನೆ, ಅದು 'ಹೋಗುವ' ರೆಕ್ಕೆ. ಇಷ್ಟು ವರ್ಷದಲ್ಲಿ ಒಂದು ಗೇಣೂ ತಪ್ಪಿದವನಲ್ಲ. ಹೆಂಡತಿ ಯಾಪಿಕ್ ತೀರಿಕೊಂಡ ಬೆಳಿಗ್ಗೆ ಮಾತ್ರ ರೆಕ್ಕೆ ನೆತ್ತಿಗೇರುವ ಮುನ್ನವೇ ನಿಂತಿತ್ತು. ಬೇಕರಿಯ ರೋಲಾಫ್ ಓಡಿಬಂದು, "ತಪ್ಪು ನಿಲ್ಸಿದ್ದೀಯಲ್ಲೋ ಮಾರಾಯ, ದಾಟಿಸ್ಬೇಕಿತ್ತು," ಎಂದ. ಟ್ಯುನಿಸ್ ರೆಕ್ಕೆ ತಡೆಯುವ ಹಗ್ಗ ಹಿಡಿದವನು ಬಿಡಲಿಲ್ಲ. "ಗೊತ್ತು ಕಣೋ. ಎರಡು ಸಲ ದಾಟಿಸೋಕೆ ಹೋದೆ, ಕೈ ಬರ್ಲಿಲ್ಲ. ದಿನಾ ಈ ಹೊತ್ತಿಗೇ ಅವಳು ಕಾಫಿ ಹಿಡ್ಕೊಂಡು ಬರ್ತಿದ್ದದ್ದು."