ಬಿಸಿ ತಾಗದ ಹಿಡಿ

ಭಾವ ಆ ಎರಡು ವಾಟರ್ ಸ್ಕೂಟರುಗಳನ್ನು ಪಿಕಪ್ಪಿನಲ್ಲಿ ಹೇರಿಕೊಂಡು ಹೊಸಂಗಡಿಯ ನನ್ನ ಅಂಗಡಿಗೆ ಬಂದಾಗ ಅವುಗಳ ಮೂಲ ಬಣ್ಣ ಯಾವುದೆಂದು ಹೇಳುವುದೇ ಕಷ್ಟವಾಗಿತ್ತು. ಕೆಂಪಗಿದ್ದ ಮೈ ಪೆಪ್ಪರಮಿಂಟಿನ ಗುಲಾಬಿಗೆ ತಿರುಗಿತ್ತು. ಕಪ್ಪಗಿರಬೇಕಾದ ಪ್ಲಾಸ್ಟಿಕ್ ಭಾಗಗಳೆಲ್ಲ ಬೂದಿ ಮೆತ್ತಿದ ಹಾಗೆ ಬೆಳ್ಳಗಾಗಿದ್ದವು. ಬೆರಳಿಟ್ಟು ಉಜ್ಜಿದರೆ ಸೀಮೆಸುಣ್ಣದಂಥ ಪುಡಿ ಕೈಗೆ ಬರುತ್ತಿತ್ತು.

"ಎಂತ, ಹೊಸತರ ಹಾಗೆ ಮಾಡ್ಲಿಕ್ಕೆ ಆಗ್ತದಾ?" ಎಂದರು ಭಾವ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕುಂಬಳೆಯಲ್ಲಿ ಅವರದು ಟೈಲ್ಸ್ ಅಂಗಡಿ. ದಕ್ಷಿಣದ ಕಡೆ ಎಲ್ಲೋ ಮುಚ್ಚಿಹೋದ ಒಂದು ರೆಸಾರ್ಟಿನಿಂದ ಈ ಸ್ಕೂಟರುಗಳನ್ನು ತಂದಿದ್ದರು. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಪ್ರವಾಸಿಗರನ್ನು ಕೂರಿಸಿ ಓಡಿಸುವುದು ಅವರ ಯೋಚನೆ. ಎಂಜಿನನ್ನು ಮಂಗಳೂರಿನಲ್ಲಿ ಸರಿ ಮಾಡಿಸಿಯಾಗಿತ್ತು. ಉಳಿದದ್ದು ಹೊರಗಿನ ಚಂದ.

ಗಲ್ಫಿನಲ್ಲಿ ನಾನು ದುಡಿದದ್ದು ದೋಣಿ ರಿಪೇರಿಯ ಯಾರ್ಡಿನಲ್ಲಿ. ಬಿಸಿಲು, ಉಪ್ಪುನೀರು ತಿಂದ ಪ್ಲಾಸ್ಟಿಕ್ಕನ್ನು ಮತ್ತೆ ಬಣ್ಣಕ್ಕೆ ತರುವುದೇ ಅಲ್ಲಿ ನನ್ನ ಕೆಲಸ. ಯಾರ್ಡು ಮುಚ್ಚಿದ ಮೇಲೆ ಊರಿಗೆ ಬಂದು ಹೈವೇ ಪಕ್ಕ ಒಂದು ಶೆಡ್ ಹಾಕಿ ಹಳೆಯ ಕಾರುಗಳ ಬಂಪರು, ಬೈಕುಗಳ ಮಡ್‌ಗಾರ್ಡು ಇತ್ಯಾದಿ ಮಾಡಿಕೊಡುತ್ತಿದ್ದೆ. ಮನೆಯವರ ಲೆಕ್ಕದಲ್ಲಿ ಅದೊಂದು ಉದ್ಯೋಗವಾಗಿರಲಿಲ್ಲ. ಯಾರಾದರೂ ಕೇಳಿದರೆ ಅಮ್ಮ ಕೂಡ "ಎಂತದೋ ಉಜ್ಜುವ ಕೆಲಸ" ಎಂದು ಹೇಳಿ ಮಾತು ಬದಲಿಸುತ್ತಿದ್ದರು. ಆದ್ದರಿಂದ ಭಾವ ನನ್ನನ್ನು ಹುಡುಕಿಕೊಂಡು ಬಂದದ್ದು ನನಗೆ ಖುಷಿಯಾಯಿತು. ಆ ಖುಷಿಯನ್ನು ನೆನೆದರೆ ಈಗ ಮೈ ಉರಿಯುತ್ತದೆ.

"ಸ್ಪ್ರೇ ಹೊಡೆದು ಬಿಡು. ಎರಡು ದಿನದ ಕೆಲಸ" ಎಂದರು ಭಾವ.

"ಬೇಡ ಭಾವ, ಸ್ಪ್ರೇ ಹೊಡೆದರೆ ಒಂದು ಮಳೆಗಾಲಕ್ಕೆ ಸಿಪ್ಪೆ ಎದ್ದು ಬರ್ತದೆ. ಇದರ ಬಣ್ಣ ಒಳಗೇ ಉಂಟು. ಮೇಲಿನ ಸತ್ತ ಪದರ ತೆಗೀಬೇಕು ಅಷ್ಟೆ."

ಕೆಲಸ ನಿಧಾನದ್ದು. ಮೊದಲು ಸೋಪಿನ ನೀರಿನಲ್ಲಿ ತಿಕ್ಕಿ, ಎಣ್ಣೆ, ಉಪ್ಪು, ಪಾಚಿ ಎಲ್ಲ ತೆಗೆದೆ. ಮೈಯನ್ನು ವಾಟರ್ ಪೇಪರಿನಲ್ಲಿ, ಒರಟಿನಿಂದ ನಯಕ್ಕೆ, ನೀರು ಹಾಕುತ್ತ ಉಜ್ಜಿದೆ. ಮೊದಲು ಗುಲಾಬಿ ಹಾಲಿನಂಥ ನೀರು ಇಳಿಯಿತು, ಆಮೇಲೆ ಕೆಂಪು ಕಾಣತೊಡಗಿತು. ಕಪ್ಪು ಭಾಗಗಳಿಗೆ ಹೀಟ್ ಗನ್. ಬಿಸಿಗಾಳಿಯನ್ನು ಒಂದೇ ಕಡೆ ನಿಲ್ಲಿಸಬಾರದು, ಅತ್ತಿತ್ತ ಆಡಿಸುತ್ತಿರಬೇಕು. ಹದ ಬಂದಾಗ ಬಿಳಿ ಮಾಯವಾಗಿ ಕಪ್ಪು ತಾನಾಗಿ ಮೇಲೆ ಬರುತ್ತದೆ. ಎಷ್ಟು ವರ್ಷ ಮಾಡಿದರೂ ಆ ಗಳಿಗೆಯನ್ನು ನೋಡುವುದಕ್ಕೆ ನನಗೆ ಬೇಸರ ಬಂದಿಲ್ಲ. ಆದರೆ ಅದು ಚರ್ಮದ ಮಾತು. ಒಳಗೆ ಸತ್ವ ಹೋಗಿದ್ದರೆ ಬಿಸಿ ಅದನ್ನು ವಾಪಸು ತರುವುದಿಲ್ಲ.

ಕೆಲಸ ಮುಗಿಯುತ್ತ ಬಂದಾಗ ಅಕ್ಕ, ಭಾವ ಇಬ್ಬರೂ ನೋಡಲು ಬಂದರು. ಅಕ್ಕ ಫ್ಲಾಸ್ಕಿನಲ್ಲಿ ಚಾ ತಂದಿದ್ದಳು. ಕೆಂಪು ಮೈಯ ಮೇಲೆ ಕೈ ಆಡಿಸಿ, "ಇದು ಆ ಹಳೆಯದ್ದಾ? ಗುರುತೇ ಸಿಗುದಿಲ್ಲ ಮಾರಾಯ!" ಎಂದಳು. ನಮ್ಮ ಮನೆಯಲ್ಲಿ ನನ್ನ ಕೆಲಸವನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು.

ಭಾವ ಒಂದು ಸುತ್ತು ಬಂದು ಸೀಟಿನ ಹಿಂದೆ ನಿಂತರು. ಹಿಂದೆ ಕೂತವರು ಹಿಡಿದುಕೊಳ್ಳುವ ಹಿಡಿ ಒಂದು ಸ್ಕೂಟರಿನಲ್ಲಿ ಬೂದಿ ಬಣ್ಣದಲ್ಲೇ ಇತ್ತು. ನಾನು ಬೇಕೆಂದೇ ಅದಕ್ಕೆ ಬಿಸಿ ತಾಗಿಸಿರಲಿಲ್ಲ.

"ಇದೊಂದು ಎಂತಕ್ಕೆ ಬಾಕಿ?"

"ಅದನ್ನು ಬದಲಾಯಿಸ್ಬೇಕು ಭಾವ. ನೋಡಿ" ಎಂದು ಹಿಡಿಯನ್ನು ಹೆಬ್ಬೆರಳಿನಿಂದ ಸ್ವಲ್ಪ ಒತ್ತಿ ತೋರಿಸಿದೆ. ಬುಡದಲ್ಲಿ ಕೂದಲೆಳೆಯಂಥ ಬಿರುಕು ಬಾಯಿ ಬಿಟ್ಟಿತು. "ಒಳಗೆ ಪೂರಾ ಹೋಗಿದೆ. ನಾನು ಕಪ್ಪು ಮಾಡಿ ಕೊಟ್ಟರೆ ಜನ ನಂಬಿ ಹಿಡೀತಾರೆ. ಹೊಸತು ತರಿಸಿ. ಬರುವವರೆಗೆ ಇದರಲ್ಲಿ ಹಿಂದೆ ಯಾರನ್ನೂ ಕೂರಿಸ್ಬೇಡಿ."

"ಆಯ್ತು, ತರಿಸುವ" ಎಂದರು ಭಾವ. ಅಕ್ಕ ಅಲ್ಲೇ ನಿಂತಿದ್ದಳು. ಬಿರುಕನ್ನು ಬಗ್ಗಿ ನೋಡಿದ್ದಳು. "ಅಬ್ಬ, ಇದು ತುಂಡಾದರೆ ಕಥೆ ಮುಗೀತು" ಎಂದು ಅವಳೇ ಹೇಳಿದ್ದಳು.

ಪಂಚಾಯತಿಗೆ ಅರ್ಜಿ ಹಾಕುವ ಮೊದಲು ಮನೆಯವರಿಗೆಲ್ಲ ಒಂದು ಸುತ್ತು ತೋರಿಸುವುದೆಂದು ಭಾವ ಒಂದು ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಅಳಿವೆಯ ಬಳಿಗೆ ಕರೆದರು. ನಾನು ತಲುಪುವಾಗ ತಡವಾಗಿತ್ತು. ಭಾವ ಅಕ್ಕನನ್ನು ಹಿಂದೆ ಕೂರಿಸಿಕೊಂಡು ಆಗಲೇ ಹೊರಟಿದ್ದರು. ಇಬ್ಬರಿಗೂ ಲೈಫ್ ಜಾಕೆಟ್ ಇತ್ತು. ದಡದ ಹತ್ತಿರ ತಿರುಗಿದಾಗ ನೋಡಿದೆ, ಬಿರುಕಿನ ಹಿಡಿಯಿದ್ದ ಸ್ಕೂಟರೇ ಅದು, ಆದರೆ ಹಿಂದಿನ ಹಿಡಿ ಕಪ್ಪಗೆ ಹೊಳೆಯುತ್ತಿತ್ತು. ಹೊಸತು ಹಾಕಿಸಿದ್ದಾರೆ, ನನ್ನ ಮಾತಿಗೆ ಬೆಲೆ ಕೊಟ್ಟಿದ್ದಾರೆ ಎಂದುಕೊಂಡೆ.

ಭಾವ ಒಮ್ಮೆಲೇ ವೇಗ ಏರಿಸಿದರು. ಅಕ್ಕ ಹಿಂದಕ್ಕೆ ವಾಲಿದಳು, ಕೈಯಲ್ಲಿ ಹಿಡಿ ಇದ್ದಂತೆಯೇ ನೀರಿಗೆ ಬಿದ್ದಳು. ಅಲ್ಲಿ ಆಳವಿರಲಿಲ್ಲ. ಹಳೆಯ ಕಟ್ಟೆಯ ಮುರಕಲ್ಲುಗಳು ನೀರಿನಡಿಯಲ್ಲೇ ಇದ್ದವು. ನಾನೂ ಇನ್ನೊಬ್ಬರೂ ಓಡಿಹೋಗಿ ಎತ್ತಿದಾಗ ಅವಳ ಬಲಗೈ ಮಣಿಕಟ್ಟಿನ ಹತ್ತಿರ ವಿಚಿತ್ರವಾಗಿ ತಿರುಗಿತ್ತು. ಪಕ್ಕದಲ್ಲೇ ತೇಲುತ್ತಿದ್ದ ತುಂಡನ್ನು ಎತ್ತಿಕೊಂಡೆ. ಅದೇ ಹಳೆಯ ಹಿಡಿ. ಮೇಲೆ ಅಂಗಡಿಯಲ್ಲಿ ಸಿಗುವ ಕಪ್ಪು ಸ್ಪ್ರೇ. ನನ್ನ ಉಗುರು ತಾಗಿದಲ್ಲಿ ಬಣ್ಣ ಎದ್ದು ಬಂತು.

ಆಸ್ಪತ್ರೆಯ ವರಾಂಡದಲ್ಲಿ ನೆಂಟರೆಲ್ಲ ಸೇರಿದ್ದರು. ಹೇಗಾಯಿತೆಂದು ಯಾರೋ ಕೇಳಿದರು. ಭಾವ ನನ್ನ ಕಡೆ ನೋಡದೆ ಹೇಳಿದರು: "ಇವನು ಹೀಟ್ ಗನ್ ಹಿಡಿದದ್ದಲ್ವಾ, ಬಿಸಿ ಜಾಸ್ತಿಯಾಗಿ ಪ್ಲಾಸ್ಟಿಕ್ ಮೆತ್ತಗಾಗಿದೆ. ಪಾಪ, ಬೇಕೂಂತ ಮಾಡಿದ್ದಲ್ಲ."

ಆ 'ಪಾಪ' ಎಂಬ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ.

"ಭಾವ, ಅದಕ್ಕೆ ನಾನು ಬಿಸಿ ತಾಗಿಸಿಯೇ ಇಲ್ಲ. ಬದಲಾಯಿಸಿ ಅಂತ ಹೇಳಿದ್ದೆ. ಅಕ್ಕನೂ ಇದ್ದಳು" ಎಂದೆ. ಎಲ್ಲರೂ ಒಳಗೆ ಮಂಚದಲ್ಲಿದ್ದ ಅಕ್ಕನ ಕಡೆ ನೋಡಿದರು. ಬಾಗಿಲು ತೆರೆದೇ ಇತ್ತು, ಅವಳಿಗೆ ಎಲ್ಲವೂ ಕೇಳಿಸಿತ್ತು. "ಈಗ ಅದೆಲ್ಲ ಎಂತಕ್ಕೆ? ನನಗೆ ನೋಯ್ತಾ ಉಂಟು" ಎಂದು ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು.

ನೋವಿನಲ್ಲಿ ಹೇಳಿದ್ದು, ಆಮೇಲೆ ಹೇಳಿಯಾಳು ಎಂದು ಕಾದೆ. ಪ್ಲಾಸ್ಟರ್ ತೆಗೆದ ಮೇಲೂ ಹೇಳಲಿಲ್ಲ. ಭಾವ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದರು. ಅಮ್ಮ ಊಟ ಬಿಟ್ಟು ಕೂತರು. ಕೊನೆಗೆ ಅಕ್ಕ ಒಂದು ದಿನ ನನ್ನ ಶೆಡ್ಡಿಗೆ ಬಂದಳು.

"ಒಂದು ಸಲ ಅವರ ಹತ್ತಿರ ಸಾರಿ ಅಂತ ಹೇಳಿಬಿಡು ತಮ್ಮ."

"ಎಂತಕ್ಕೆ ಹೇಳುದು? ನಿನಗೆ ಗೊತ್ತಿಲ್ವಾ?"

"ಗೊತ್ತುಂಟು."

"ಮತ್ತೆ?"

ಅವಳು ನೆಟ್ಟಗಾಗದ ಮಣಿಕಟ್ಟನ್ನು ಎಡಗೈಯಿಂದ ನೀವುತ್ತ ಹೇಳಿದಳು: "ನಿನಗಾದರೆ ಸಾರಿ ಹೇಳಿಬಿಟ್ಟು ನಿನ್ನ ಮನೆಗೆ ಹೋಗ್ಲಿಕ್ಕೆ ಆಗ್ತದೆ. ನನಗೆ ಅವರ ಜೊತೆ ಅದೇ ಮನೆಯಲ್ಲಿ ಇರ್ಬೇಕಲ್ಲ."

ಅವಳ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಸಂಕಟವಾಯಿತು.

ಮಧೂರು ದೇವಸ್ಥಾನದಲ್ಲಿ ಅಮ್ಮ ಅಕ್ಕನ ಹೆಸರಿನಲ್ಲಿ ಪೂಜೆ ಹೇಳಿದ್ದರು. ಪೂಜೆ ಮುಗಿಸಿ ಎಲ್ಲರೂ ಹೊರಗೆ ಬಂದಾಗ ನಾನು ಭಾವನ ಎದುರು ನಿಂತು, "ತಪ್ಪಾಯ್ತು ಭಾವ, ಮನಸ್ಸಲ್ಲಿ ಇಟ್ಟುಕೊಳ್ಬೇಡಿ" ಎಂದೆ. ಅಮ್ಮನ ಕಣ್ಣಲ್ಲಿ ನೀರು ಬಂತು. ಭಾವ ನನ್ನ ಹೆಗಲಿಗೆ ಕೈ ಹಾಕಿ, "ಆಯ್ತು ಬಿಡು ಮಾರಾಯ, ಮನುಷ್ಯ ಅಂದ ಮೇಲೆ ತಪ್ಪು ಆಗ್ತದೆ" ಎಂದು ದೊಡ್ಡ ಮನಸ್ಸಿನಿಂದ ಕ್ಷಮಿಸಿದರು. ಅವರ ಮುಖ ನೋಡಿದೆ. ನಾಟಕವಾಡುತ್ತಿದ್ದಂತೆ ಕಾಣಲಿಲ್ಲ. ಅಷ್ಟರಲ್ಲಿ ತಾನು ಹೇಳಿದ್ದನ್ನು ಅವರೇ ನಂಬಿದ್ದರೆಂದು ಕಾಣುತ್ತದೆ.

ಆ ಮಾತಿನಿಂದ ವಿಷಯ ಮುಗಿಯುತ್ತದೆ ಎಂದುಕೊಂಡಿದ್ದೆ. ಆದದ್ದು ಬೇರೆ. ಅಲ್ಲಿಯವರೆಗೆ ಅರ್ಧ ಜನರಿಗಾದರೂ ಸಂಶಯವಿತ್ತು. ಸ್ವತಃ ನಾನೇ ತಪ್ಪಾಯ್ತು ಎಂದ ಮೇಲೆ ಯಾರಿಗೂ ಉಳಿಯಲಿಲ್ಲ. ಸ್ಕೂಟರುಗಳನ್ನು ಭಾವ ಮಾರಿಬಿಟ್ಟರು; ನನ್ನಿಂದಾಗಿ ಆ ಕೆಲಸವೇ ಬೇಡವಾಯಿತೆಂದು ಹೇಳಿಕೊಂಡು ತಿರುಗಿದರು. ಬಂಪರು ತರುವ ಪರಿಚಯದವರು ಕಡಿಮೆಯಾದರು. ದೂರದವರು ಬರುತ್ತಾರೆ, ಹೊಟ್ಟೆಗೆ ತೊಂದರೆಯಿಲ್ಲ.

ಮೊನ್ನೆ ಒಂದು ಮದುವೆಯ ಊಟದಲ್ಲಿ ಪಕ್ಕದಲ್ಲಿ ಕೂತ ದೊಡ್ಡಪ್ಪ, "ಈಗ ಹೇಗೆ, ಬಿಸಿ ಎಲ್ಲ ಜಾಗ್ರತೆಯಲ್ಲಿ ಕೊಡ್ತೀಯಾ?" ಎಂದು ಕೇಳಿದರು. ಅಕ್ಕ ನಮ್ಮ ಎದುರಿನ ಸಾಲಿನಲ್ಲಿದ್ದಳು. ಎಡಗೈಯಿಂದ ಉಣ್ಣಲು ಸಂಕೋಚಪಟ್ಟು ನೋಯುವ ಬಲಗೈಯಲ್ಲೇ ಅನ್ನ ಕಲಸುತ್ತಿದ್ದಳು. ಕೈ ಒಂದು ಕ್ಷಣ ನಿಂತಿತು, ತಲೆ ಎತ್ತಲಿಲ್ಲ.

"ಹೌದು ದೊಡ್ಡಪ್ಪ, ಜಾಗ್ರತೆ ಮಾಡ್ತೇನೆ" ಎಂದೆ.