ಬೆನ್ನ ಮೇಲಿನ ಸೀಮೆಸುಣ್ಣ

ನಾಗಸಂದ್ರಕ್ಕೆ ಆಗಿನ್ನೂ ಮೆಟ್ರೊ ಬಂದಿರಲಿಲ್ಲ. ಚಿಕ್ಕಬಾಣಾವರದ ನಮ್ಮ ಬೀದಿಯ ಗಂಡಸರು ಬೆಳಿಗ್ಗೆ ಸೈಕಲ್ಲಿಗೆ ಬುತ್ತಿ ಡಬ್ಬಿ ನೇತುಹಾಕಿಕೊಂಡು ಕಾರ್ಖಾನೆಗೆ ಹೊರಡುತ್ತಿದ್ದರು, ರೈಲ್ವೆ ಗೇಟು ಬಿದ್ದರೆ ಅಲ್ಲೇ ನಿಂತು ಬೀಡಿ ಸೇದುತ್ತಿದ್ದರು. ಬೇಸಿಗೆ ರಜೆಗೆ ನನ್ನ ಗೆಳತಿಯರು ಅಜ್ಜಿ ಮನೆಗೆ ಹೋಗಿ, ಮಾವಿನಹಣ್ಣು ತಿಂದು, ಮೈಯೆಲ್ಲ ಸೆಕೆಗುಳ್ಳೆ ಮಾಡಿಕೊಂಡು ಬರುತ್ತಿದ್ದರು. ನಾನು ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. ಏಕೆಂದರೆ ಪ್ರತಿ ಬೇಸಿಗೆಯಲ್ಲಿ ನಮ್ಮಪ್ಪ ಒಣಗಿದ ಕೆರೆಯ ಅಂಗಳದಲ್ಲಿ ಒಂದು ಸಲ ಸಾಯಬೇಕಾಗಿತ್ತು.

ಇದಕ್ಕೆಲ್ಲ ಕಾರಣ ಶಾಮರಾಯರು. ಅಪ್ಪ ಲೇತ್ ಓಡಿಸುತ್ತಿದ್ದ ಕಾರ್ಖಾನೆಯಲ್ಲೇ ಇನ್‌ಸ್ಪೆಕ್ಷನ್ ವಿಭಾಗದ ಯಜಮಾನರಾಗಿದ್ದು ನಿವೃತ್ತರಾದವರು. ಮನೆಯಲ್ಲಿ ಸುಮ್ಮನೆ ಕೂರಲಾರದೆ ಒಂದು ಇತಿಹಾಸದ ಬಳಗ ಕಟ್ಟಿದ್ದರು. ಪಾಳೆಗಾರನ ದಂಡು ಒಂದು ಕಡೆ, ಕೆಂಪು ಕೋಟಿನ ಕುಂಪಣಿಯ ದಂಡು ಇನ್ನೊಂದು ಕಡೆ, ನಡುವೆ ಪಟಾಕಿಯ ಹೊಗೆ. ಹಳೆಯ ಕಾಳಗವನ್ನು ಆ ಕಾಲದ್ದೇ ಬಟ್ಟೆ ತೊಟ್ಟು, ಆ ಕಾಲದಂಥ ಕೋವಿ ಹಿಡಿದು ಆಡಿ ತೋರಿಸುವುದು ಅವರ ಹುಚ್ಚು. ಯಾರು, ಯಾಕೆ ಹೊಡೆದಾಡಿದರು ಎಂದು ಕೇಳಿದರೆ ರಾಯರು ತಡವರಿಸುತ್ತಿದ್ದರು. ಸಿಪಾಯಿಯ ಚಲ್ಲಣ ಮೊಣಕಾಲಿನಿಂದ ಎಷ್ಟು ಕೆಳಗೆ ಬರುತ್ತಿತ್ತು ಎಂದು ಕೇಳಿದರೆ ಮಾತ್ರ ಕೈಯಲ್ಲಿದ್ದ ಕಾಫಿ ಆರಿಹೋಗುವವರೆಗೂ ಹೇಳುತ್ತಿದ್ದರು.

ಅವರ ಬಾಯಲ್ಲಿ ಮೂರು ಹೊತ್ತೂ ಇದ್ದ ಮಾತೆಂದರೆ ಅಸಲಿ. ಅಸಲಿ ಅಂಗಿಗೆ ಮಿಷನ್ ಹೊಲಿಗೆ ಇರಕೂಡದು, ಪ್ಲಾಸ್ಟಿಕ್ ಗುಂಡಿ ಇರಕೂಡದು, ನೂಲಿಗೆ ಬೆಂಕಿ ತಾಗಿಸಿದರೆ ಅದು ಬೂದಿಯಾಗಬೇಕೇ ಹೊರತು ಕರಗಿ ಗಂಟಾಗಕೂಡದು. ಕಾಳಗದ ಹಿಂದಿನ ಭಾನುವಾರ ಶಾಲೆಯ ವರಾಂಡದಲ್ಲಿ ತಪಾಸಣೆ. ದಂಡಿನವರು ತಂತಮ್ಮ ಅಂಗಿ ಹಿಡಿದು ಸಾಲಾಗಿ ನಿಂತರೆ, ರಾಯರು ಒಂದೊಂದನ್ನೂ ತಿರುವಿ ಹಾಕಿ, ಭೂತಗನ್ನಡಿ ಹಿಡಿದು, ಕಂಕುಳ ಹೊಲಿಗೆಯೊಳಗೆ ಮೂಗು ತೂರಿಸುತ್ತಿದ್ದರು. ಮಿಷನ್ ಹೊಲಿಗೆ ಕಂಡರೆ ಅಂಗಿಯ ಬೆನ್ನಿಗೆ ಸೀಮೆಸುಣ್ಣದಲ್ಲಿ ಒಂದು ಇಂಟು ಗುರುತು ಬೀಳುತ್ತಿತ್ತು, ಕಾರ್ಖಾನೆಯಲ್ಲಿ ಕೆಟ್ಟ ಮಾಲಿಗೆ ಬಳಿಯುತ್ತಿದ್ದ ಹಾಗೇ. ಗುರುತು ಬಿದ್ದವರು ಮುಂದಿನ ಸಾಲಿಗೆ ಹೋಗಬೇಕು, ಮೊದಲ ಗುಂಡಿಗೇ ಸಾಯಬೇಕು. ರಿಜೆಕ್ಟ್ ಆದ ಬಟ್ಟೆ ಬೇಗ ನೆಲಕ್ಕೆ ಬಿದ್ದರೆ ನೋಡುವವರ ಕಣ್ಣಿಗೆ ಕಾಣುವುದಿಲ್ಲ ಎಂಬುದು ರಾಯರ ಯುದ್ಧತಂತ್ರ.

ಅವರ ಚಿನ್ನದ ಕಟ್ಟಿನ ಕನ್ನಡಕಕ್ಕೆ ಯಾವ ತಪಾಸಣೆಯೂ ಇರಲಿಲ್ಲ. ಮದ್ದಿನ ಚೀಲದಲ್ಲಿ ಬಿಪಿ ಮಾತ್ರೆ ಇಟ್ಟುಕೊಳ್ಳುತ್ತಿದ್ದರು. ಟೊಮ್ಯಾಟೊ ಆ ಕಾಲದ ಸಿಪಾಯಿಗಳಿಗೆ ಗೊತ್ತಿರಲಿಲ್ಲವೆಂದು ದಂಡಿನ ಊಟದ ಚಿತ್ರಾನ್ನದಿಂದ ಒಂದೊಂದು ಚೂರನ್ನೂ ಆರಿಸಿ ತೆಗೆಸಿದ ಮಹಾನುಭಾವರು, ನೀರಿಗೆ ಮಾತ್ರ ಪ್ಲಾಸ್ಟಿಕ್ ಕ್ಯಾನಿಗೆ ಗೋಣಿತಾಟು ಸುತ್ತಿಸಿ ಇಟ್ಟಿದ್ದರು. ಆಗ ನನಗೆ ಅದೆಲ್ಲ ದೊಡ್ಡವರ ದೊಡ್ಡ ವಿಷಯ ಅನ್ನಿಸುತ್ತಿತ್ತು. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಅಪ್ಪನ ಅಂಗಿಯನ್ನು ಅಮ್ಮ ತನ್ನ ಕಾಲುಮಿಷನ್ನಿನಲ್ಲೇ ಹೊಲಿದುಕೊಡುತ್ತಿದ್ದಳು. ಬೀದಿಯ ಹೆಂಗಸರ ರವಿಕೆಗಳ ರಾಶಿಯ ನಡುವೆ ಅದೂ ಒಂದು. ಹೀಗಾಗಿ ವರ್ಷವರ್ಷವೂ ಅಪ್ಪನ ಬೆನ್ನಿಗೆ ಇಂಟು ಗುರುತು. ಪಕ್ಕದ ಮನೆಯ ನನ್ನ ಗೆಳತಿ ನಸ್ರೀನ್, "ಈ ಸಲಾನೂ ನಿಮ್ಮಪ್ಪನೇ ಫಸ್ಟ್ ಸಾಯೋದಾ?" ಎಂದು ಕೇಳುತ್ತಿದ್ದಳು. ಅವಳದು ಕುಹಕವಲ್ಲ, ನಿಜವಾಗಿಯೂ ತಿಳಿದುಕೊಳ್ಳುವ ಆಸೆ. ನನಗೆ ಮಾತ್ರ ಎಲ್ಲಾದರೂ ಹೋಗಿ ಅಡಗಿಕೊಳ್ಳೋಣ ಅನ್ನಿಸುತ್ತಿತ್ತು. ಬಿಸಿಲಿಗೆ ಬಿರುಕುಬಿಟ್ಟ ಮಣ್ಣಿನ ಮೇಲೆ ಅಪ್ಪ ಇರುವೆ ಕಚ್ಚಿಸಿಕೊಂಡು ಬಿದ್ದಿರುತ್ತಿದ್ದ. ಕಾಳಗ ಮುಗಿದು ಸೀಟಿ ಊದುವವರೆಗೆ ಹೆಣಗಳು ಅಲ್ಲಾಡಕೂಡದು.

ಕೊನೆಯಲ್ಲಿ ಬದುಕಿ ಉಳಿದವರೆಲ್ಲ ಕೋಟೆಯೆಂದು ಕಟ್ಟಿದ್ದ ಮಣ್ಣಿನ ಗೋಡೆ ಹತ್ತಿ, ಬಾವುಟ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಆ ಫೋಟೊಗಳಿಗೆ ಕಟ್ಟು ಹಾಕಿಸಿ ಬಳಗದ ಕೋಣೆಯಲ್ಲಿ ನೇತುಹಾಕಿದ್ದರು. ಅಪ್ಪ ಒಂದರಲ್ಲೂ ಇರಲಿಲ್ಲ, ಸತ್ತವರಿಗೆ ಫೋಟೊ ಇಲ್ಲ. ಒಂದು ದಿನ ಅಮ್ಮನೂ ನಾನೂ ಆ ದಾರಿಯಲ್ಲಿ ಬರುವಾಗ, ಅಪ್ಪ ಆ ಕೋಣೆಯ ಕಿಟಕಿಗೆ ಮುಖ ಆನಿಸಿ ಗೋಡೆಯನ್ನೇ ನೋಡುತ್ತ ನಿಂತಿದ್ದದ್ದು ಕಂಡಿತು. ನಾನು ಕೂಗಲು ಹೋದೆ. ಅಮ್ಮ ನನ್ನ ಕೈ ಹಿಡಿದು ಬೇರೆ ಬೀದಿಯಲ್ಲಿ ಕರೆದುಕೊಂಡು ಬಂದಳು.

ಮರುದಿನವೇ ಅವಳು ಮಿಷನ್ನಿಗೆ ಮುಸುಕು ಹಾಕಿದಳು. ಕೋರಾ ಬಟ್ಟೆ ತಂದು, ದಾಳಿಂಬೆ ಸಿಪ್ಪೆ ಕುದಿಸಿದ ನೀರಿನಲ್ಲಿ ಅದ್ದಿ ಬಣ್ಣ ಕಟ್ಟಿದಳು. ಮನೆಯೆಲ್ಲ ಒಗರು ವಾಸನೆ ಹಿಡಿದು, ಅನ್ನದಲ್ಲೂ ಅದೇ ಬರುತ್ತಿದೆಯೇನೋ ಅನ್ನಿಸುತ್ತಿತ್ತು. ಮಧ್ಯಾಹ್ನವೆಲ್ಲ ಬಾಗಿಲ ಬಳಿ ಬೆಳಕಿಗೆ ಕೂತು, ನೂಲಿಗೆ ಮೇಣ ತೀಡಿ, ಒಂದೊಂದೇ ಹೊಲಿಗೆ ಹಾಕುತ್ತಿದ್ದಳು. ಸೂಜಿಗೆ ದಾರ ಪೋಣಿಸಿಕೊಡುವುದು ನನ್ನ ಕೆಲಸ. ಬಿಡುವಾದಾಗ ನಾನೂ ನಸ್ರೀನೂ ಸೀಮೆಸುಣ್ಣ ಹಿಡಿದು ಬೀದಿ ಸುತ್ತುತ್ತಿದ್ದೆವು. ಬಿಸಿಲಿಗೆ ಹರವಿದ ಲುಂಗಿ, ಯಾರದೋ ಮನೆಯ ಸ್ಕೂಟರು, ಮಲಗಿದ್ದ ಎಮ್ಮೆ, ಕಂಡದ್ದಕ್ಕೆಲ್ಲ ರಿಜೆಕ್ಟ್ ಗುರುತು ಹಾಕಿ ಬೈಸಿಕೊಳ್ಳುತ್ತಿದ್ದೆವು.

ರವಿಕೆ ತಡವಾಯಿತೆಂದು ಹೆಂಗಸರು ಬಂದು ಗೊಣಗಿದರು. ಅಮ್ಮ ಜಗ್ಗಲಿಲ್ಲ. ಯಾಕಿಷ್ಟು ಕಷ್ಟ ಬೀಳುತ್ತೀ ಎಂದು ನಾನು ಕೇಳಿದ್ದಕ್ಕೆ, ಹಲ್ಲಿನಲ್ಲಿ ದಾರ ಕಡಿಯುತ್ತ ಅವಳು ಹೇಳಿದ್ದು ಇಷ್ಟೇ. "ಒಂದು ಸಲನಾದ್ರೂ ನಿಂತ್ಕಂಡಿರ್ಲಿ."

ತಪಾಸಣೆಯ ದಿನ ರಾಯರು ಅಪ್ಪನ ಅಂಗಿಯನ್ನು ತಿರುವಿ ಮುರುವಿ ನೋಡಿದರು. ಕಂಕುಳು, ಕಾಲರು, ತೋಳಿನ ತುದಿ, ಎಲ್ಲಿ ನೋಡಿದರೂ ಕೈಹೊಲಿಗೆ. ಸೀಮೆಸುಣ್ಣ ಹಿಡಿದ ಕೈ ಸುಮ್ಮನೆ ಕೆಳಗಿಳಿಯಿತು. ಆ ವರ್ಷ ಬೇರೆಯವರೂ ಪಾಠ ಕಲಿತಿದ್ದರು. ಕೆಲವರು ಹೆಂಡಿರ ಕೈಯಲ್ಲಿ ಹೊಲಿಸಿದ್ದರು, ಕಾಸಿದ್ದವರು ಎಲ್ಲಿಂದಲೋ ತರಿಸಿದ್ದರು. ಒಂದೂ ರಿಜೆಕ್ಟ್ ಇಲ್ಲವೆಂದು ರಾಯರು ಉಬ್ಬಿ, ಎಲ್ಲರಿಗೂ ಬಾದಾಮಿ ಹಾಲು ಕುಡಿಸಿದರು. ಹಾಗಾದರೆ ಸಾಯುವವರು ಯಾರು ಎಂದು ಅಷ್ಟು ಓದಿದವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಕಾಳಗದ ಹಿಂದಿನ ಸಂಜೆ ಒಂದು ಅಡ್ಡಮಳೆ ಹೊಡೆದು ಕೆರೆಯ ಅಂಗಳ ರಾಡಿಯಾಗಿತ್ತು. ನಾವು ಜನರನ್ನು ತಡೆಯಲು ಕಟ್ಟಿದ್ದ ಹಗ್ಗದ ಈಚೆ ನಿಂತಿದ್ದೆವು. ಅಪ್ಪ ಪಾಳೆಗಾರನ ದಂಡಿನ ಹಿಂದಿನ ಸಾಲಿನಲ್ಲಿ ರುಮಾಲು ಸುತ್ತಿ, ನಡುಕಟ್ಟು ಬಿಗಿದು, ಕೋವಿ ಹಿಡಿದು ನಿಂತಿದ್ದ. ಅಷ್ಟು ನೆಟ್ಟಗೆ ಅವನು ನಿಂತದ್ದನ್ನು ನಾನು ನೋಡಿರಲಿಲ್ಲ. ಕುಂಪಣಿಯವರು ಗುಂಡು ಹಾರಿಸಿದರು, ಹೊಗೆ ಎದ್ದಿತು, ಹೊಗೆ ಇಳಿಯಿತು. ಪಾಳೆಗಾರನ ದಂಡು ಹಾಗೇ ನಿಂತಿತ್ತು. ಇವರು ಹಾರಿಸಿದರು. ಅವರೂ ಹಾಗೇ ನಿಂತಿದ್ದರು. ಇನ್ನೊಂದು ಸುತ್ತಾದ ಮೇಲೆ ಜನ ನಗಲು ಶುರುಮಾಡಿದರು. ಯಾರೋ ಹುಡುಗ, "ಏನ್ ಗುರು, ಎಲ್ರೂ ಅಮರರಾ?" ಅಂದ.

ರಾಯರು ಎರಡೂ ದಂಡಿನ ಮುಂದೆ ಓಡಾಡುತ್ತ, ಬೀಳಿರೆಂದು ಗೋಗರೆಯತೊಡಗಿದರು. ಕೈಯಲ್ಲಿ ಮೈಕ್ ಇರುವುದನ್ನು ಮರೆತಿದ್ದರಿಂದ ಇಡೀ ಕೆರೆಗೆ ಅದು ಕೇಳಿಸುತ್ತಿತ್ತು. ಒಬ್ಬರಿಗೆ ಸೊಂಟ ನೋವು. ಒಬ್ಬರ ಕೋಟು ನೀರು ಕಂಡರೆ ಕುಗ್ಗುವ ಉಣ್ಣೆ. ಬ್ಯಾಂಕಿನವರೊಬ್ಬರು, ಇಷ್ಟು ಅಸಲಿ ಬಟ್ಟೆಯಲ್ಲಿ ಕೆಸರಿಗೆ ಬೀಳುವುದು ಇತಿಹಾಸಕ್ಕೆ ಮಾಡಿದ ಅವಮಾನ ಎಂದರು. ಪ್ರಾಣ ಕೊಡಲು ಬಂದ ಶೂರರು ಚಲ್ಲಣ ಎತ್ತಿ ಹಿಡಿದುಕೊಂಡು ನಿಂತಿದ್ದರು, ಥೂ.

ಕೊನೆಗೆ ರಾಯರು ಅಪ್ಪನ ಎದುರಿಗೆ ಬಂದರು. "ನಂಜುಂಡ, ನಿನಗೆ ಅಭ್ಯಾಸ ಇದೆಯಲ್ಲಪ್ಪ. ನೀನು ಬಿದ್ದುಬಿಡು."

ಅಪ್ಪ ಹಗ್ಗದ ಕಡೆ ತಿರುಗಿ ನಮ್ಮನ್ನು ಹುಡುಕಿದ. ಅಮ್ಮ ಬೇಡವೆಂದು ತಲೆಯಾಡಿಸಿದಳು. ಅವನು ಅದನ್ನು ನೋಡಿದ, ನನಗೆ ಖಂಡಿತ ಗೊತ್ತು. ಕುಂಪಣಿಯವರು ಮತ್ತೆ ಹಾರಿಸಿದರು. ಅಪ್ಪನ ಮೊಣಕಾಲು ಕುಸಿಯಿತು, ಕೋವಿ ಜಾರಿತು, ಮುಖ ಅಡಿಯಾಗಿ ಇಡೀ ಮೈ ಕೆಸರಿಗೆ ಬಿತ್ತು. ನಗುತ್ತಿದ್ದ ಜನ ಸುಮ್ಮನಾದರು. ಅಯ್ಯೋ, ನಿಜವಾಗಿ ಏನೋ ಆಯಿತೇನೋ ಎಂದು ಪಕ್ಕದ ಹೆಂಗಸು ಎದೆ ಮುಟ್ಟಿಕೊಂಡಳು. ಅಮ್ಮ ಸೆರಗು ಬಿಗಿದುಕೊಂಡು ಕೆರೆ ಏರಿ ಹತ್ತಿ ಮನೆಗೆ ನಡೆದಳು.

ಆಮೇಲೆ ಒಂದೇ ಹೆಣದ ಮಹಾಯುದ್ಧ ಮುಂದುವರಿಯಿತು. ಎರಡೂ ದಂಡಿನವರು ಅಪ್ಪನನ್ನು ದಾಟಿಕೊಂಡು ಹೋಗಿ ಗೋಡೆಯ ಮೇಲೆ ಹಲ್ಲು ಕಿರಿದು ಫೋಟೊ ತೆಗೆಸಿಕೊಂಡರು. ನಾನು ಹಗ್ಗ ನುಸುಳಿ ಅಪ್ಪನ ಬಳಿಗೆ ಓಡಿ, ಏಳು ಎಂದೆ. ಅವನು ಒಂದು ಕಣ್ಣು ತೆರೆದು ಅಮ್ಮ ಎಲ್ಲಿ ಎಂದು ಕೇಳಿದ. ಹೋದಳು ಎಂದೆ. "ಇನ್ನೂ ಸೀಟಿ ಊದಿಲ್ಲ ಕಣಮ್ಮ," ಎಂದು ಮತ್ತೆ ಕಣ್ಣು ಮುಚ್ಚಿಕೊಂಡ. ರಾಯರ ಮೇಲಿದ್ದಷ್ಟೇ ಅಸಹ್ಯ ಆ ಗಳಿಗೆ ನನಗೆ ಅವನ ಮೇಲೂ ಬಂತು.

ಸಂಜೆ ಅಮ್ಮ ಅವನ ಮುಂದೆ ಬಿಸಿನೀರು ಇಟ್ಟಳು.

"ನಾನು ಅಂಗಿ ಒಲ್ದಿದ್ದು ನೀವು ನಿಂತ್ಕಂಡಿರೋಕೆ," ಎಂದಳು.

"ರಾಯ್ರು ಕೇಳುದ್ರು ಕಣೇ. ಎಲ್ರೂ ನಗ್ತಾ ಇದ್ರು. ಯಾರಾದ್ರೂ ಬೀಳ್ಬೇಕಿತ್ತು."

"ಯಾರಾದ್ರೂ ಅಂದ್ರೆ ನೀವೇಯಾ?"

ಅಪ್ಪ ಬಿಸಿನೀರಿಗೆ ಕೈ ಅದ್ದಿ ಕೆಸರು ಉಜ್ಜತೊಡಗಿದ. ಅಮ್ಮ ಆ ಅಂಗಿಯನ್ನು ಒಗೆದು ಒಣಗಿಸಿ, ಕತ್ತರಿ ತೆಗೆದುಕೊಂಡು ಚೌಕ ಚೌಕವಾಗಿ ಕತ್ತರಿಸಿ ಅಡುಗೆಮನೆಗೆ ಮಸಿಬಟ್ಟೆ ಮಾಡಿದಳು. ಒಲೆಯಿಂದ ಸಾರಿನ ಪಾತ್ರೆ ಇಳಿಸುವಾಗಲೆಲ್ಲ ಆ ಹೊಲಿಗೆ ನನಗೆ ಕಾಣುತ್ತಿತ್ತು. ಅಪ್ಪ ಮತ್ತೆ ಕೆರೆ ಅಂಗಳಕ್ಕೆ ಹೋಗಲಿಲ್ಲ, ಆ ದಿನದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಅಪ್ಪ ನಿಜವಾಗಿಯೂ ತೀರಿಕೊಂಡು ಕೆಲವು ವರ್ಷಗಳಾದವು. ಈಚೆಗೆ ರಾಯರ ಮೊಮ್ಮಗ ಬಳಗಕ್ಕೆ ಮತ್ತೆ ಜೀವ ಕೊಟ್ಟಿದ್ದಾನೆ. ಕೆರೆಯ ಸುತ್ತ ಅಪಾರ್ಟ್‌ಮೆಂಟುಗಳು ಎದ್ದಿರುವುದರಿಂದ ಕಾಳಗವೀಗ ಯಲಹಂಕದ ಕಡೆಯ ಒಂದು ರೆಸಾರ್ಟಿನ ಹುಲ್ಲುಹಾಸಿನ ಮೇಲೆ. ಹಳೆಯ ಸದಸ್ಯರ ಮನೆಯವರೆಂದು ನಮ್ಮನ್ನೂ ಕರೆದಿದ್ದ, ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಬಾಗಿಲಲ್ಲೇ ಅವನ ಅಂಗಡಿ. ಸಿಪಾಯಿಯ ಅಂಗಿಗಳನ್ನು ಕೆಸರಿನ ಕಲೆ, ಹರಕು ಸಮೇತ ಹೊಸದಾಗಿ ಮಾಡಿ ಮಾರುತ್ತಾನೆ. ಕೊಳ್ಳುವವರು ಬೆರಳಲ್ಲಿ ಕಲೆ ಮುಟ್ಟಿ, ವಾವ್ ಎನ್ನುತ್ತಿದ್ದರು. ಅವನು ಅಮ್ಮನ ಹತ್ತಿರ ಬಂದು, "ಆಂಟಿ, ನಿಮ್ಮ ಹತ್ರ ಹಳೇ ಪೀಸ್ ಏನಾದ್ರೂ ಇದ್ಯಾ? ಒರಿಜಿನಲ್ ಕೈಹೊಲಿಗೆದು?" ಎಂದು ಕೇಳಿದ.

"ಇತ್ತಪ್ಪ. ಪಾತ್ರೆ ಇಳ್ಸಿ ಇಳ್ಸಿ ಸುಟ್ಟೋಯ್ತು," ಎಂದಳು ಅಮ್ಮ.

ಕಾಳಗ ಶುರುವಾಯಿತು. ಈಗ ಸಾಯಲು ಎಲ್ಲರೂ ತಯಾರು, ವಿಡಿಯೊದಲ್ಲಿ ಚೆನ್ನಾಗಿ ಬರುತ್ತದಂತೆ. ಸಾಯಬೇಕಾದ ಜಾಗದಲ್ಲೆಲ್ಲ ಮೊದಲೇ ಹಸಿರು ಬಣ್ಣದ ಮೆತ್ತನೆಯ ಚಾಪೆ ಹಾಸಿದ್ದರು. ವ್ಯಾಯಾಮ ಮಾಡಿ ಕಡೆದ ಮೈಯ ಹುಡುಗನೊಬ್ಬ ಗುಂಡು ತಾಗಿದ ಮೇಲೆ ಹಿಂದಕ್ಕೆ ತಿರುಗಿ, ಚಾಪೆ ಎಲ್ಲಿದೆ ಎಂದು ನೋಡಿಕೊಂಡು, ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಸತ್ತ. ಜನ ಚಪ್ಪಾಳೆ ಹೊಡೆದರು.

ಅಮ್ಮ ಆ ಚಾಪೆಯನ್ನೇ ನೋಡುತ್ತಿದ್ದಳು. ಆಮೇಲೆ, ಯಾರಿಗೂ ಹೇಳಿದ್ದಲ್ಲ ಎಂಬಂತೆ, "ನಿಮ್ಮಪ್ಪ ಬೀಳೋವಾಗ ಕೆಳಗಡೆ ನೋಡ್ಲಿಲ್ಲ," ಎಂದಳು.

ಇಷ್ಟು ವರ್ಷಗಳಲ್ಲಿ ಆ ದಿನದ ಬಗ್ಗೆ ಅವಳು ಆಡಿದ ಮೊದಲ ಮಾತು ಅದು. ಆ ಅಂಗಿ ಹೋಯಿತು, ಕೆರೆ ಅಂಗಳ ಹೋಯಿತು, ಯಾವ ಗೋಡೆಯ ಮೇಲೂ ಅಪ್ಪನ ಫೋಟೊ ಇಲ್ಲ. ಅದಕ್ಕೆಲ್ಲ ನನಗೆ ಅಷ್ಟು ಬೇಸರವಿಲ್ಲ. ಆ ಒಂದು ಮಾತನ್ನು ಅವಳು ಅಪ್ಪ ಇದ್ದಾಗ ಹೇಳಬೇಕಿತ್ತು.